ಹತ್ತಿ, ಬೆಂಡಿ, ಪುಂಡಿ: ಮೂರಕ್ಕೂ ಒಂದೇ ಅಡ್ಡಹೆಸರು

ಜಮಖಂಡಿ ತಾಲೂಕಿನಲ್ಲಿ ಕಬ್ಬಿಲ್ಲದ ರೈತ ಅಂದರೆ ಜನ ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ. ನಾನು ಅಂಥವನು. ನಮ್ಮ ಹೊಲದ ದಿಬ್ಬದ ಮೇಲೆ ನಿಂತರೆ ದೂರದಲ್ಲಿ ಕೃಷ್ಣಾ ಹೊಳಿ ಕಾಣಿಸುತ್ತದೆ, ನೀರು ಮಾತ್ರ ನಮ್ಮ ಕಡೆ ಹತ್ತುವುದಿಲ್ಲ. 4 ಎಕರೆ ಎರಿ ಭೂಮಿ, ಮಳಿ ಆದರೆ ಬೆಳಿ. ಒಂದು ಹಳೇ ಬಾವಿ ಐತಿ, ಏಪ್ರಿಲ್ ತನಕ 20 ಗುಂಟೆಗೆ ನೀರು ಕೊಡುತ್ತದೆ, ಅಷ್ಟೇ. ಶಾಲಿ ಕಲಿತದ್ದು ಏಳನೇ ಇಯತ್ತೆ ತನಕ. ಹೂವಿನ ಬಗ್ಗೆ ಬರೆಯುವ ಕಾಲ ಬರುತ್ತದೆ ಅಂತ ಎಂದೂ ಅಂದುಕೊಂಡಿರಲಿಲ್ಲ.

ಮೊದಲು ನನ್ನ ಹತ್ತಿಯ ಕಥಿ ಹೇಳಬೇಕು. ನಮ್ಮಪ್ಪ ಜಯಧರ ಹಾಕುತ್ತಿದ್ದ. 2002ರಲ್ಲಿ ಬೀಟಿ ಹತ್ತಿಗೆ ಸರಕಾರದ ಒಪ್ಪಿಗೆ ಸಿಕ್ಕಿತು, ಕೆಲವು ವರ್ಷದಲ್ಲಿ ನಾನೂ ಎಲ್ಲರಂತೆ ಅದಕ್ಕೆ ಹೊರಳಿದೆ. ಒಂದೂವರೆ ಎಕರೆಗೆ ಮುಂಗಾರಿ ಹತ್ತಿ. ಹತ್ತಿ ಬಿಡಿಸಿ ಜನವರಿಯಲ್ಲಿ ಕಟ್ಟಿಗಿ ಕಿತ್ತ ಮೇಲೆ ಬಾವಿ ಹತ್ತಿರದ 20 ಗುಂಟೆ ಖಾಲಿ ಉಳಿಯುತ್ತಿತ್ತು. ನೀರು ಇದ್ದಾಗ ನೆಲ ಖಾಲಿ ಯಾಕ ಬಿಡಬೇಕು ಅಂತ 2019ರಲ್ಲಿ ಅಲ್ಲಿ ಬೇಸಿಗಿ ಬೆಂಡಿಕಾಯಿ ಹಾಕಿದೆ. ಜಮಖಂಡಿ ಸಂತಿಯಲ್ಲಿ ಬೇಸಿಗಿ ಬೆಂಡಿಗೆ ಒಳ್ಳೇ ರೇಟು ಸಿಗುತ್ತದೆ. ಕೈಯಲ್ಲಿ ನಾಕು ದುಡ್ಡು ಆಡಿತು. ನನ್ನಷ್ಟು ಜಾಣ ಊರಾಗ ಯಾರಿಲ್ಲ ಅನಿಸಿತು.

ಆ ವರ್ಷದ ಮುಂಗಾರಿ ಹತ್ತಿಗೆ ಜಿಗಿಹುಳ ಬಿದ್ದಿತು. ಎಲಿ ಅಂಚು ಕೆಳಗೆ ಮಡಚಿ, ಕೆಂಪಾಗಿ, ಸುಟ್ಟಂತೆ ಆಯಿತು. ಮರುವರ್ಷ ಮತ್ತೆ ಬೆಂಡಿ, ಮತ್ತೆ ಹತ್ತಿ, ಜಿಗಿಹುಳದ ಜೊತೆ ಬಿಳಿ ಹಿಟ್ಟು ಚೆಲ್ಲಿದಂಥ ಹಿಟ್ಟುತಿಗಣಿ. ಮೂರನೇ ವರ್ಷ ಕಾಯಿ ಒಡೆದು ನೋಡಿದರೆ ಒಳಗೆ ಗುಲಾಬಿ ಕೀಡಿ. ಎಕರೆಗೆ 7 ಕ್ವಿಂಟಲ್ ಬರುತ್ತಿದ್ದದ್ದು 3ಕ್ಕೆ ಇಳಿಯಿತು. ಅಂಗಡಿಯವರು ಪ್ರತಿ ಸಲ ಬೇರೆ ಎಣ್ಣಿ ಕೊಟ್ಟರು, ಹೊಡೆದೆ. ಎಣ್ಣಿ ಬಾಕಿ ತೀರಿಸಲಿಕ್ಕೆ ಮನೆಯಾಕಿಯ ಪಾಟ್ಲಿ ಒತ್ತಿ ಇಟ್ಟೆ. ಆಕಿ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಬೆಂಡಿಗೂ ಹತ್ತಿಗೂ ಸಂಬಂಧ ಐತಿ ಅಂತ ಒಮ್ಮೆಯೂ ನನ್ನ ತಲಿಯಲ್ಲಿ ಬರಲಿಲ್ಲ. ಒಂದು ತಿನ್ನುವುದು, ಒಂದು ಉಡುವುದು. ಸಂಬಂಧ ಎಲ್ಲಿಂದ ಬರಬೇಕು?

ಪೊರೆ ತೆಗೆಸಿದ ಕಣ್ಣು

2023ರ ಜನವರಿಯಲ್ಲಿ ಬಲಗಣ್ಣಿನ ಪೊರೆ ತೆಗೆಸಬೇಕಾಯಿತು. ಮಗಳು ಬೆಂಗಳೂರಲ್ಲಿ ಕೆಲಸ ಮಾಡುತ್ತಾಳೆ, ಲಾಲ್‌ಬಾಗಿನ ಹತ್ತಿರವೇ ಬಾಡಿಗಿ ಮನಿ. ಅಲ್ಲೇ ಆಪರೇಶನ್ ಆಯಿತು. ಒಂದು ತಿಂಗಳು ಧೂಳಿಗೆ ಹೋಗಬಾರದು, ಭಾರ ಎತ್ತಬಾರದು, ಬಗ್ಗಬಾರದು ಅಂದರು. ಹಿಂಗಾರಿ ಜೋಳದ ಸುಗ್ಗಿ ಮಗನ ಪಾಲಿಗೆ ಬಿಟ್ಟು ನಾನು ನಾಲ್ಕು ಗೋಡೆ ನೋಡುತ್ತ ಕುಂತೆ. ಒಂದು ವಾರದಲ್ಲಿ ಮಗಳಿಗೆ ನನ್ನ ಅವಸ್ಥೆ ನೋಡಲಾಗಲಿಲ್ಲ. "ಅಪ್ಪಾ, ನಡಿ ಲಾಲ್‌ಬಾಗಿಗೆ ಹೋಗೂಣು. ಅಲ್ಲೆ ಧೂಳಿಲ್ಲ, ಗಿಡಾ ಅದಾವ" ಅಂದಳು.

ಒಂದು ಮಾತು ಹೇಳಿಬಿಡುತ್ತೇನೆ. ಈ ಮಗಳು ಬಿ.ಎಸ್‌ಸಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ಆಕಿ ಓದುವಾಗ ಹಳೇ ಪೇಪರಿನ ನಡುವೆ ಗಿಡ ಇಟ್ಟು, ಮೇಲೆ ಬೀಸುಕಲ್ಲು ಹೇರಿ, ಒಣಗಿಸಿ ಹಾಳಿಗೆ ಅಂಟಿಸುತ್ತಿದ್ದಳು. ಅದನ್ನು ಕಂಡಾಗೆಲ್ಲ ನಾನು "ಕಸಾ ಕೀಳಾಕ ಡಿಗ್ರಿ ಯಾಕ ಬೇಕು, ನಮ್ಮ ಹೊಲಕ ಬಾ, ಬೇಕಾದಷ್ಟೈತಿ" ಅಂತ ಚಾಷ್ಟಿ ಮಾಡುತ್ತಿದ್ದೆ. ಐದು ವರ್ಷದಲ್ಲಿ ಒಂದು ದಿನವೂ ಏನು ಕಲಿತಿ ಅಂತ ಕೇಳಿರಲಿಲ್ಲ.

ಲಾಲ್‌ಬಾಗಿನ ಬಗ್ಗೆ ಓದುಗರಿಗೆ ಗೊತ್ತೇ ಇದೆ. 1760ರಲ್ಲಿ ಹೈದರಲಿ ಶುರು ಮಾಡಿದ್ದು, ಟಿಪ್ಪು ಬೆಳೆಸಿದ್ದು, ಈಗ 240 ಎಕರೆ. ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಎಲ್ಲರೂ ನೋಡುತ್ತಾರೆ. ನಾನೂ ಹಿಂದೆ ಕೃಷಿ ಮೇಳಕ್ಕೆ ಬಂದಾಗ ಗಾಜಿನ ಮನೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದವನೇ. ಗಿಡಗಳಿಗೆ ಹೊಡೆದ ಬೋರ್ಡು ಓದಿರಲಿಲ್ಲ. ಬೋರ್ಡಿನ ಮೇಲೆ ಗಿಡದ ಹೆಸರಿನ ಸಂಗಾಟ ಇನ್ನೊಂದು ಹೆಸರು ಇರುತ್ತದೆ, ಅದು ಕುಟುಂಬದ್ದು. ಮಾಲ್ವೇಸಿ, ಫ್ಯಾಬೇಸಿ, ರೂಟೇಸಿ, ಎಲ್ಲಾ 'ಏಸಿ'ಯಲ್ಲೇ ಮುಗಿಯುತ್ತವೆ.

"ಅಂದ್ರ ಇದು ಅಡ್ಡಹೆಸರು ಇದ್ಧಂಗ?" ಅಂತ ಕೇಳಿದೆ.

"ಹಂಗ ತಿಳಕೋ ಅಪ್ಪಾ. ಒಂದೇ ಮನಿತನದಾವು."

ಲೋಕದಲ್ಲಿ ಹೂ ಬಿಡುವ ಗಿಡಗಳು ಸುಮಾರು 3 ಲಕ್ಷ ಜಾತಿ ಇವೆಯಂತೆ, ಅವನ್ನೆಲ್ಲ 400ಕ್ಕಿಂತ ಸ್ವಲ್ಪ ಹೆಚ್ಚು ಕುಟುಂಬಗಳಲ್ಲಿ ಹಂಚಿದ್ದಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಕ್ಕೆ ಎರಡು ಪದದ ಹೆಸರು ಇಡುವ ಪದ್ಧತಿ ಗಟ್ಟಿ ಮಾಡಿದ. 1789ರಲ್ಲಿ ಫ್ರಾನ್ಸಿನ ಜುಸ್ಸಿಯು ಅನ್ನುವವರು ಸುಮಾರು ನೂರು ಕುಟುಂಬಗಳ ಲೆಕ್ಕ ಹಾಕಿದರು. ನನಗೆ 400 ಕೇಳಿ ಎದಿ ಒಡೆಯಿತು. ಮಗಳು ಸಮಾಧಾನ ಹೇಳಿದಳು: "ನಿನ್ನ ಹೊಲದಾಗ ಹತ್ತು ಕುಟುಂಬ ಗೊತ್ತಾದ್ರ ಮುಕ್ಕಾಲು ಗಿಡಾ ಗೊತ್ತಾದ್ಹಂಗ."

ಬಿದ್ದ ಹೂವಿನ ಶಾಲಿ

ಲಾಲ್‌ಬಾಗಿನಲ್ಲಿ ಹೂ ಕೀಳುವ ಹಾಗಿಲ್ಲ. ಕಾವಲಿನವರು ಸೀಟಿ ಊದುತ್ತಾರೆ, ಊದುವುದು ನ್ಯಾಯವೇ. ಅದಕ್ಕೆ ನಮ್ಮದು ಬಿದ್ದ ಹೂವಿನ ಶಾಲಿ. ಮಗಳ ಹತ್ತಿರ ಕಾಲೇಜಿನ ಕಾಲದ ಸಣ್ಣ ಲೆನ್ಸ್ ಇತ್ತು, ಹತ್ತು ಪಟ್ಟು ದೊಡ್ಡದು ತೋರಿಸುವಂಥದು. ಮೊದಲ ದಿನ ಅದನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ನೋಡಿದೆ, ಏನೂ ಕಾಣಲಿಲ್ಲ. ಲೆನ್ಸನ್ನು ಕಣ್ಣಿಗೆ ಹಚ್ಚಿ ಹಿಡಿದು, ಹೂವನ್ನೇ ಅದರ ಹತ್ತಿರ ತರಬೇಕು. ಇದು ಯಾರೂ ಹೇಳಿಕೊಡದಿದ್ದರೆ ತಿಳಿಯುವುದಿಲ್ಲ.

ಶುರು ಆದದ್ದು ದಾಸವಾಳದಿಂದ. ಒಂದು ಹೂ ದಾರಿಗೆ ಬಿದ್ದಿತ್ತು. ಐದು ಪಕಳಿ, ಒಂದರ ಅಂಚು ಇನ್ನೊಂದರ ಮೇಲೆ ಏರಿ, ಪಟಕಾ ಸುತ್ತಿದಂತೆ ಹೊರಳಿರುತ್ತವೆ. ನಡುವೆ ಕೊಳವಿಯಂತೆ ಎದ್ದು ನಿಂತದ್ದು ಗಂಡು ಕೇಸರ, ಎಲ್ಲಾ ಒಂದಕ್ಕೊಂದು ಕೂಡಿ ಕೊಳವಿ ಆಗಿವೆ. ಹೆಣ್ಣು ಭಾಗ ಆ ಕೊಳವಿ ಒಳಗಿಂದ ಹಾದು ಮೇಲೆ ತಲಿ ಹಾಕುತ್ತದೆ. "ಈ ಕೊಳವಿ ಕಂಡ್ರ ಮಾಲ್ವೇಸಿ ಅಂತ ಅನುಮಾನ ಪಡು" ಅಂದಳು. ಎಲಿ ಹಿಚುಕಿದರೆ ಲೋಳಿ. ತೊಗಟಿ ಸುಲಿದರೆ ನಾರು.

"ನಾರು ಅಂದ್ರ ಪುಂಡಿ ಇದ್ಧಂಗ?" ಅಂದೆ.

"ಪುಂಡಿನೂ ಇದ ಮನಿತನ ಅಪ್ಪಾ. ಹತ್ತಿ, ಬೆಂಡಿನೂ ಇದ."

ಅಲ್ಲೇ ಕಲ್ಲುಬೆಂಚಿನ ಮೇಲೆ ಕುಂತೆ. ಕಣ್ಣು ಮುಚ್ಚಿ ನಮ್ಮ ಹೊಲ ನೆನಪು ಮಾಡಿಕೊಂಡೆ. ಜಯಧರ ಹತ್ತಿಯ ಹೂ ಹಳದಿ, ನಡುವೆ ಕಡು ಕೆಂಪು ಕಣ್ಣು. ಬೆಂಡಿ ಹೂ ಹಳದಿ, ನಡುವೆ ಕಡು ಕೆಂಪು ಕಣ್ಣು. ಬದುವಿನ ಮೇಲಿನ ಪುಂಡಿ ಹೂ ತಿಳಿ ಹಳದಿ, ನಡುವೆ ಅದೇ ಕಣ್ಣು. ಮೂವತ್ತು ವರ್ಷ ಮೂರನ್ನೂ ನೋಡಿದ್ದೇನೆ, ಬಿತ್ತಿದ್ದೇನೆ, ಕಿತ್ತಿದ್ದೇನೆ, ಒಂದೇ ಮೋತಿ ಅಂತ ಅನಿಸಿರಲಿಲ್ಲ. ಸಂತಿಯಲ್ಲಿ ಮೂರು ಮಂದಿ ಅಣ್ಣತಮ್ಮಂದಿರನ್ನು ಬೇರೆ ಬೇರೆ ಕಂಡು, ಒಂದೇ ಮನಿಯವರು ಅಂತ ತಿಳಿಯದ ಹಾಗೆ.

ಮಗಳಿಗೆ ಹತ್ತಿ ಹೋದ ಕಥಿ ಗೊತ್ತಿತ್ತು, ಆದರೆ ನಡುವೆ ಬೆಂಡಿ ಹಾಕುತ್ತಿದ್ದದ್ದು ಗೊತ್ತಿರಲಿಲ್ಲ. ಹೇಳಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹತ್ತಿ ಹೋದ ಮ್ಯಾಲೆ ಹುಳಕ್ಕ ಉಪವಾಸ ಬೀಳಬೇಕಿತ್ತು ಅಪ್ಪಾ. ನೀ ಊಟಾ ಹಾಕಿದಿ" ಅಂದಳು.

ವಿಷಯ ಇಷ್ಟು. ಹತ್ತಿಯ ಹಸಿರು ಜಿಗಿಹುಳ ಬೆಂಡಿಯ ಮೇಲೂ ಅಷ್ಟೇ ಸುಖವಾಗಿ ಬದುಕುತ್ತದೆ, ಬದನಿ ಮೇಲೂ ಇರುತ್ತದೆ. ಗುಲಾಬಿ ಕೀಡಿಗೆ ಮುಖ್ಯ ಊಟ ಹತ್ತಿ, ಅದು ಸಿಗದಾಗ ಬೆಂಡಿಯಂಥ ಬಂಧುಗಳ ಮೇಲೆ ಜೀವ ಹಿಡಿಯಬಲ್ಲದು. ಬೀಟಿಯ ವಿಷಕ್ಕೆ ಈ ಕೀಡಿ ನಮ್ಮ ದೇಶದಲ್ಲಿ ಒಗ್ಗಿಕೊಂಡಾಗಿದೆ, ಅದಕ್ಕೇ ಬೀಟಿ ಕಾಯಿ ಒಳಗೂ ಸಿಗುತ್ತದೆ. ಬೆಂಡಿ ಕೊರೆಯುವ ಚುಕ್ಕೆ ಕಾಯಿಕೊರಕ ಜಯಧರದಂಥ ಬೀಟಿ ಅಲ್ಲದ ಹತ್ತಿಗೂ ಶತ್ರು. ಹಿಟ್ಟುತಿಗಣಿ ಹತ್ತಿ, ಬೆಂಡಿ, ದಾಸವಾಳ ಎಲ್ಲದರ ಮೇಲೂ ಏರುತ್ತದೆ, ಕಾಂಗ್ರೆಸ್ ಕಸವನ್ನೂ ಬಿಡುವುದಿಲ್ಲ. ನಾನು ಜೂನಿನಿಂದ ಜನವರಿ ಹತ್ತಿ, ಫೆಬ್ರವರಿಯಿಂದ ಮೇ ಬೆಂಡಿ ಹಾಕಿ, ವರ್ಷದ ಹನ್ನೆರಡು ತಿಂಗಳೂ ಒಂದೇ ಮನಿತನದ ಖಾನಾವಳಿ ನಡೆಸಿದ್ದೆ.

ಎರಡು ದಿನ ಬಿಟ್ಟು ಕೆಂಪು ಬೂರುಗದ ಗಿಡದ ಕೆಳಗೆ ನಿಂತೆವು. ಫೆಬ್ರವರಿಯಲ್ಲಿ ಅದರ ಎಲಿ ಉದುರಿ ಗಿಡದ ತುಂಬ ಹೂ. ಹೂ ಇಡಿಯಾಗಿಯೇ ಟಪ್ಪಂತ ಬೀಳುತ್ತದೆ, ಕೈ ತುಂಬುವಷ್ಟು ದಪ್ಪ. ನಾನು ದೊಡ್ಡ ಮನುಷ್ಯನಂತೆ ಕೊಳವಿ ಹುಡುಕಿದೆ. ಕೊಳವಿ ಇಲ್ಲ, ಕೇಸರಗಳು ಬುಡದಲ್ಲಿ ಕೂಡಿ ಕಂತಿ ಕಂತಿ ಆಗಿವೆ. "ಇದು ಆ ಮನಿತನ ಅಲ್ಲ" ಅಂದೆ. ಮಗಳು ನಕ್ಕಳು. ಹಳೇ ಪುಸ್ತಕದ ಪ್ರಕಾರ ನೀ ಹೇಳಿದ್ದು ಸರಿ, ಬೂರುಗಕ್ಕೆ ಬೇರೆ ಕುಟುಂಬ ಇತ್ತು. 1998ರಿಂದ ವಿಜ್ಞಾನಿಗಳು ಡಿಎನ್‌ಎ ನೋಡಿ ಕುಟುಂಬಗಳನ್ನು ಹೊಸದಾಗಿ ಹೊಂದಿಸುತ್ತಿದ್ದಾರೆ, ಈಗ ಬೂರುಗವೂ ಮಾಲ್ವೇಸಿಯೇ ಅಂದಳು. ಮನಿತನ ಪಾಲು ಆಗುವುದು, ಮತ್ತೆ ಕೂಡುವುದು ಗಿಡಗಳಲ್ಲೂ ನಡೆದಿದೆ ನೋಡ್ರಿ. ಆದರೆ ಹತ್ತಿಯ ಕೆಂಪು ತಿಗಣಿಗೆ ಈ ಡಿಎನ್‌ಎ ಸುದ್ದಿ ಮೊದಲೇ ತಿಳಿದಿತ್ತು ಅಂತ ಕಾಣುತ್ತದೆ. ಅದು ಹತ್ತಿ ಬೀಜದ ರಸವನ್ನೂ ಹೀರುತ್ತದೆ, ಬೂರುಗದ ಬೀಜದ್ದನ್ನೂ ಹೀರುತ್ತದೆ.

ಹುಳಕ್ಕೆ ಕುಟುಂಬ ಗೊತ್ತು ಅನ್ನುವುದನ್ನು ನಾನು ನಿಜವಾಗಿ ನಂಬಿದ್ದು ನಿಂಬಿಯಿಂದ. ಮಗಳು ನಿಂಬಿ ಎಲಿ ಒಂದನ್ನು ಸೂರ್ಯನಿಗೆ ಹಿಡಿದು ನೋಡು ಅಂದಳು. ಎಲಿ ತುಂಬ ಸೂಜಿ ಚುಚ್ಚಿದಂಥ ಸಣ್ಣ ಬೆಳಕಿನ ಚುಕ್ಕಿ. ಅವು ಎಣ್ಣಿ ಚೀಲ, ವಾಸನಿ ಬರುವುದು ಅದರಿಂದ. ಕರಿಬೇವು ಹಿಡಿದರೂ ಅದೇ ಚುಕ್ಕಿ, ಬೆಲ್ಲಪತ್ರಿ ಹಿಡಿದರೂ ಅದೇ. ಮೂರೂ ರೂಟೇಸಿ. ನಮ್ಮ ಹಿತ್ತಲ ನಿಂಬಿ ಮೇಲೆ ಹಕ್ಕಿ ಹಿಕ್ಕಿಯಂತೆ ಕಾಣುವ ಒಂದು ಹುಳ ಬರುತ್ತದೆ, ದೊಡ್ಡದಾದ ಮೇಲೆ ಹಸಿರಾಗುತ್ತದೆ, ಎಲ್ಲರ ಮನಿಯಲ್ಲೂ ನೋಡಿರುತ್ತೀರಿ. ಅದು ನಿಂಬಿ ಚಿಟ್ಟಿಯ ಮರಿ. ಆ ಚಿಟ್ಟಿ ಕರಿಬೇವಿನ ಮೇಲೂ ತತ್ತಿ ಇಡುತ್ತದೆ, ಪತ್ರಿ ಗಿಡದ ಮೇಲೂ ಇಡುತ್ತದೆ, ಪಕ್ಕದ ಬೇವಿನ ಮೇಲೆ ಇಡುವುದಿಲ್ಲ. ಬೇವು, ಕರಿಬೇವು ಹೆಸರಿನಲ್ಲಿ ನೆಂಟರು, ಕುಲದಲ್ಲಿ ಬೇರೆ. ಹೆಸರು ನಂಬಿ ನಾವು ಮೋಸ ಹೋಗುತ್ತೇವೆ, ಚಿಟ್ಟಿ ಹೋಗುವುದಿಲ್ಲ.

ಹೆಸರಿನ ಮೋಸಕ್ಕೆ ಲಾಲ್‌ಬಾಗಿನಲ್ಲೇ ಒಂದು ಕಥಿ ಐತಿ. 19ನೇ ಶತಮಾನದ ಕೊನೆಯಲ್ಲಿ ಜಾನ್ ಕ್ಯಾಮರಾನ್ ಅನ್ನುವವರು ಇಲ್ಲಿ ಮೇಲ್ವಿಚಾರಕರಾಗಿದ್ದರು. ಸೀಮೆಬದನೆಯನ್ನು ನಮ್ಮ ಕಡೆ ಬೆಳೆಗೆ ತಂದವರು ಅವರು. ತಮಿಳರು ಅದಕ್ಕೆ ಬೆಂಗಳೂರು ಬದನೆ ಅಂತಲೇ ಅನ್ನುತ್ತಾರೆ. ಆದರೆ ಅದು ಬದನಿಯೇ ಅಲ್ಲ, ಬಳ್ಳಿಯಲ್ಲಿ ಬಿಡುವ ಸವತಿ, ಕುಂಬಳದ ಕುಲ. ನಿಜವಾದ ಬದನಿಯ ಕುಲದಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆ, ತಂಬಾಕು, ಮತ್ತೆ ತಿಪ್ಪಿ ಮೇಲೆ ಬೆಳೆಯುವ ವಿಷದ ದತ್ತೂರಿ ಎಲ್ಲಾ ಬರುತ್ತವೆ. ಬದನಿ ಹೂವಿನ ನಡುವೆ ಹಳದಿ ಕೇಸರಗಳು ಒತ್ತಾಗಿ ಕೂಡಿ ಶಂಕುವಿನಂತೆ ನಿಂತಿರುತ್ತವೆ, ಟೊಮ್ಯಾಟೊ ಹೂವಿನಲ್ಲೂ ಹಂಗೇ.

ಹೂವಿನ ಜಾತ್ರಿ

ಸೂರ್ಯಕಾಂತಿಯ ವಿಷಯ ಕೇಳಿದ ಮೇಲೆ ರಾತ್ರಿ ನಿದ್ದಿ ಬರಲಿಲ್ಲ. ನಾವು ಒಂದು ಹೂ ಅನ್ನುವುದು ಒಂದು ಹೂವಲ್ಲ, ನೂರಾರು ಸಣ್ಣ ಹೂವಿನ ಜಾತ್ರಿ. ನಡುವಿನ ಒಂದೊಂದು ಚುಕ್ಕಿಯೂ ಪೂರ್ತಿ ಹೂ, ಅದರಿಂದಲೇ ಒಂದೊಂದು ಕಾಳು. ಸುತ್ತಲಿನ ಹಳದಿ ಪಕಳಿ ಅನ್ನುವವೂ ಬೇರೆ ಬೇರೆ ಹೂವೇ, ಅವು ಕಾಳು ಕಟ್ಟುವುದಿಲ್ಲ, ಕರೆಯುವ ಕೆಲಸ ಅವುಗಳದು. ಸೇವಂತಿ, ಚಂಡುಹೂ, ಗುರೆಳ್ಳು, ನಮ್ಮ ಕುಸುಬಿ ಎಲ್ಲಾ ಈ ಕುಲ. ಈಗ ಆಸ್ಟರೇಸಿ ಅನ್ನುತ್ತಾರೆ, ಹಳೇ ಹೆಸರು ಕಾಂಪೋಸಿಟೆ. ಕುಸುಬಿಗೆ ಹತ್ತುವ ಕರಿ ಹೇನಿನ ಶಾಸ್ತ್ರದ ಹೆಸರು ಯುರೋಲ್ಯೂಕಾನ್ ಕಾಂಪೋಸಿಟೆ. ಹುಳದ ಹೆಸರಿನಲ್ಲೇ ಗಿಡದ ಮನಿತನ ಬರೆದಿದ್ದಾರೆ ನೋಡ್ರಿ.

ಕಾಂಗ್ರೆಸ್ ಕಸವೂ ಇದೇ ಕುಲ. ಇದರ ಬಗ್ಗೆ ಒಂದು ಹಳೇ ಗದ್ದಲ ನಮ್ಮ ವಾರಿಗೆಯವರಿಗೆ ನೆನಪಿರಬಹುದು. ಕಾಂಗ್ರೆಸ್ ಕಸ ತಿನ್ನಲಿ ಅಂತ ಮೆಕ್ಸಿಕೊದಿಂದ ಒಂದು ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮುಂದೆ 1990ರ ದಶಕದ ಶುರುವಿನಲ್ಲಿ ಅದು ಸೂರ್ಯಕಾಂತಿ ಎಲಿಯನ್ನೂ ತಿನ್ನುತ್ತಿದೆ ಅಂತ ದೊಡ್ಡ ಗಲಾಟೆ ಆಯಿತು. ಪರೀಕ್ಷೆ ಮಾಡಿದಾಗ, ಸೂರ್ಯಕಾಂತಿ ಎಲಿ ಮೇಲೆ ಕಾಂಗ್ರೆಸ್ ಹೂವಿನ ಪರಾಗ ಬಿದ್ದಿದ್ದರಿಂದ ದುಂಬಿ ಅಲ್ಲಿ ಬಾಯಿ ಹಾಕಿತ್ತು ಅಂತ ತಿಳಿಯಿತು. ಸೂರ್ಯಕಾಂತಿ ಮೇಲೆ ಅದು ಸಂಸಾರ ಮಾಡುವುದಿಲ್ಲ, ಬೆಳೆಗೆ ಭಯ ಇಲ್ಲ ಅಂತ ತೀರ್ಮಾನ ಆಯಿತು. ಆದರೂ ರೈತರಿಗೆ ಬಂದ ಅನುಮಾನ ಹುಚ್ಚುತನದ್ದಲ್ಲ. ಎರಡೂ ಒಂದೇ ಕುಲ ಅಂದ ಮೇಲೆ ಅನುಮಾನ ಬರಲೇಬೇಕು, ಪರೀಕ್ಷೆಯೂ ಆಗಲೇಬೇಕು.

ಕಾಳಿನ ಕುಲ ನಮಗೆ ಸಲೀಸು. ತೊಗರಿ, ಹೆಸರು, ಅಲಸಂದಿ, ಶೇಂಗಾ ಯಾವುದರ ಹೂ ನೋಡಿದರೂ ಕುಂತ ಚಿಟ್ಟಿ ನೆನಪಾಗುತ್ತದೆ. ಮೇಲೆ ಒಂದು ಅಗಲ ಪಕಳಿ, ಆಜೂಬಾಜು ಎರಡು ರೆಕ್ಕಿ, ಕೆಳಗೆ ಎರಡು ಕೂಡಿ ದೋಣಿ. ದೋಣಿ ಒಳಗೆ ಹತ್ತು ಕೇಸರ, ಬಹಳ ಗಿಡಗಳಲ್ಲಿ ಒಂಬತ್ತು ಕೂಡಿ ಒಂದು ಬೇರೆ. ಹುಣಸಿ, ಜಾಲಿ, ಗುಲ್‌ಮೊಹರ್ ಇವುಗಳ ಹೂ ಹಾಗಿಲ್ಲ, ಆದರೂ ಕುಲ ಒಂದೇ. ಅಲ್ಲಿ ಕಾಯಿ ನೋಡಿ ಗುರುತು ಹಿಡಿಯಬೇಕು. ಈ ಕುಲದ ಬೇರಿನಲ್ಲಿ ಗಂಟು ಇರುತ್ತವೆ, ಗಾಳಿಯ ಸಾರಜನಕ ನೆಲಕ್ಕೆ ಕೊಡುತ್ತವೆ ಅಂತ ನಮಗೆಲ್ಲ ಗೊತ್ತು. ಗಂಟು ಉಗುರಿನಿಂದ ಒಡೆದರೆ ಒಳಗೆ ಗುಲಾಬಿ ಬಣ್ಣ ಇರಬೇಕು, ಆಗ ಕೆಲಸ ನಡೆದಿದೆ ಅಂತ. ಹೊಸದಾಗಿ ತಿಳಿದದ್ದು ಎರಡು. ಬದುವಿನ ಮೇಲಿನ ತಂಗಡಿ ಇದೇ ಕುಲ ಆದರೂ ಅದರ ಬೇರಿಗೆ ಗಂಟು ಇಲ್ಲ. ಇನ್ನೊಂದು, ಕಡಲಿ ಗಂಟಿನ ಜೀವಾಣುವೇ ಬೇರೆ, ಹೆಸರು ತೊಗರಿ ಶೇಂಗಾದ್ದೇ ಬೇರೆ. ಬೀಜಕ್ಕೆ ಹಚ್ಚುವ ರೈಜೋಬಿಯಂ ಪಾಕೀಟು ತರುವಾಗ ಯಾವ ಬೆಳಿಗೆ ಅಂತ ಓದಿ ತರಬೇಕು. ನಾನು ಹೆಸರಿನ ಸೀಜನ್ನಿನಲ್ಲಿ ಉಳಿದ ಪಾಕೀಟನ್ನು ಕಡಲಿಗೆ ಹಚ್ಚಿ ಕೈ ತೊಳೆದುಕೊಂಡದ್ದುಂಟು.

ಹುಲ್ಲಿನ ಕುಲ ಹೇಳುವುದೇ ಬೇಡ. ಜೋಳ, ಸಜ್ಜಿ, ಗೋದಿ, ಗೊಂಜಾಳ, ಕಬ್ಬು, ಕರಿಕಿ, ಬಿದಿರು ಎಲ್ಲಾ ಒಂದೇ. ಹೊಳಿಸಾಲಿನ ಕಬ್ಬಿನವರೂ ದಿಬ್ಬದ ಜೋಳದವರೂ ಬೆಳೆಯುವುದು ಹುಲ್ಲನ್ನೇ ಅಂದೆ, ಮಗಳು ಬಿದ್ದು ಬಿದ್ದು ನಕ್ಕಳು. ಇದರಲ್ಲಿ ಕೆಲಸಕ್ಕೆ ಬಂದದ್ದು ಜೇಕಿನ ಗುರುತು. ಜೇಕು ನೋಡಲಿಕ್ಕೆ ಹುಲ್ಲು, ಆದರೆ ಹುಲ್ಲಿನ ಕುಲ ಅಲ್ಲ. ಹೂವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹೊಸೆಯಿರಿ. ಹುಲ್ಲಿನದು ದುಂಡಗೆ ಉರುಳುತ್ತದೆ, ಗೆಣ್ಣು ಇರುತ್ತದೆ. ಜೇಕಿನದು ಮೂರು ಮೂಲಿ, ಬೆರಳಿಗೆ ತಡೆಯುತ್ತದೆ. ಬರೀ ಹುಲ್ಲು ಕೊಲ್ಲುವ ಕಳೆ ಎಣ್ಣಿಗೆ ಜೇಕು ಸಾಯುವುದಿಲ್ಲ, ಕುಲ ಬೇರೆ ಇರುವುದಕ್ಕೇ. ಶೇಂಗಾದಲ್ಲಿ ದುಡ್ಡು ಸುರಿದವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು.

ಕುಲ ನೋಡಿದರೆ ಎಲ್ಲಾ ಮುಗಿಯಿತೇ? ಇಲ್ಲ. ಹಸಿರು ಕಾಯಿಕೊರಕಕ್ಕೆ ಕುಲಗೋತ್ರ ಇಲ್ಲ. ತೊಗರಿ, ಕಡಲಿ, ಸೂರ್ಯಕಾಂತಿ, ಟೊಮ್ಯಾಟೊ, ಹತ್ತಿ, ಸಿಕ್ಕಿದ್ದು ತಿನ್ನುತ್ತದೆ. ಅದಕ್ಕೆ ತದ್ವಿರುದ್ಧ ಕಡಲಿಯ ಸಿಡಿ ರೋಗ. ತೊಗರಿಗೂ ಕಡಲಿಗೂ ಒಂದೇ ಕುಲ ಆದರೂ ಎರಡರ ಸಿಡಿ ರೋಗದ ಶಿಲೀಂಧ್ರ ಬೇರೆ ಬೇರೆ. ಕುಟುಂಬ ಅನ್ನುವುದು ಮೊದಲ ಅನುಮಾನ ಹುಟ್ಟಿಸುತ್ತದೆ, ಅಷ್ಟಕ್ಕೇ ಅದರ ಕೆಲಸ. ಮುಂದಿನದು ಕೇಳಿ, ನೋಡಿ ತಿಳಿಯಬೇಕು.

ಒಟ್ಟು 17 ದಿನ ಹೋದೆ. ಸಂಜಿ ಮುಂದೆ ಮಗಳು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೈಯಲ್ಲಿ ಕೊಟ್ಟಳು. ಸ್ವಾಮಿಯವರು ದೊಡ್ಡ ಸಸ್ಯವಿಜ್ಞಾನಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡ ಹುಡುಕುತ್ತ ಬೆಟ್ಟ ಕಾಡು ಸುತ್ತಿದ ಕಥಿ ಅದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿದೆ. ಏಳನೇ ಇಯತ್ತೆಯವನಿಗೆ ಎಲ್ಲಾ ತಿಳಿಯಿತು ಅಂದರೆ ಸುಳ್ಳಾಗುತ್ತದೆ, ಆದರೆ ನಗು ಬಂದಲ್ಲೆಲ್ಲ ನಕ್ಕೆ. ಹೊಸ ಕಣ್ಣಿಗೆ ಅಕ್ಷರ ಚಲೋ ಕಾಣುತ್ತಿದ್ದವು.

ಬದುವಿನ ಮೇಲೆ

ಊರಿಗೆ ಬಂದವನೇ ಲೆನ್ಸ್ ಹಿಡಿದು ಬದು ಸುತ್ತಿದೆ. ಮನೆಯಾಕಿ "ಏನ್ ಕಳಕೊಂಡೀರಿ?" ಅಂತ ಕೇಳಿದಳು. ಹುಡುಕುತ್ತಿದ್ದದ್ದು ಶ್ರೀಮುದ್ರಿ ಗಿಡ. ಮುದ್ರಿ ಒತ್ತುವ ಅಚ್ಚಿನಂಥ ಕಾಯಿ ಬಿಡುತ್ತದಲ್ಲ, ಹಳದಿ ಹೂವಿನದು, ಅದು. ಹೂ ಬಿಚ್ಚಿದೆ, ಕೇಸರ ಕೂಡಿ ಕೊಳವಿ ಆಗಿತ್ತು. ಹತ್ತಿ ಕಾಯಿ ಬುಡದಲ್ಲಿ ಹಲ್ಲು ಹಲ್ಲಿನ ಮೂರು ಎಲಿ ಇರುತ್ತವಲ್ಲ, ಬೆಂಡಿಗೂ ದಾಸವಾಳಕ್ಕೂ ಅದರ ಬದಲು ಸಣ್ಣ ಎಳಿ ಎಳಿ ಇರುತ್ತವೆ, ಶ್ರೀಮುದ್ರಿಗೆ ಅದು ಏನೂ ಇಲ್ಲ. ಗಾಬರಿಯಾಗಿ ಮಗಳಿಗೆ ಫೋನ್ ಹಚ್ಚಿದೆ. "ಇಲ್ಲದಿದ್ರೂ ಅದು ಮಾಲ್ವೇಸಿನ ಅಪ್ಪಾ, ಕೊಳವಿ ನೋಡಿದೆಲ್ಲ, ಅಷ್ಟು ಸಾಕು" ಅಂದಳು. ಎಲಿ ತಿರುವಿದರೆ ಹಿಂದೆ ಬಿಳಿ ಹಿಟ್ಟು. ನಾನು ಹತ್ತಿಗೆ ಎಣ್ಣಿ ಹೊಡೆಯುವಾಗ ಹಿಟ್ಟುತಿಗಣಿ ಹತ್ತು ಹೆಜ್ಜಿ ಆಚೆ ಬದುವಿನ ಮೇಲೆ ಆರಾಮ ಕುಂತಿತ್ತು.

ಹತ್ತಿ ಹೊಲದ ಸುತ್ತಿನ ಶ್ರೀಮುದ್ರಿ ಕಿತ್ತು ಸುಟ್ಟೆ. ಎಲ್ಲಾ ಅಲ್ಲ. ನಮ್ಮವ್ವ ಅದರ ಎಲಿಯನ್ನು ಔಷಧಕ್ಕೆ ಒಯ್ಯುತ್ತಾಳೆ, ಹಿತ್ತಲಲ್ಲಿ ಎರಡು ಗಿಡ ಬಿಟ್ಟಿದ್ದೇನೆ. ಬೇಸಿಗಿ ಬೆಂಡಿ ನಿಲ್ಲಿಸಿದೆ. ಆ 20 ಗುಂಟೆಗೆ ಈಗ ಸವತಿ ಮತ್ತೆ ಕೊತ್ತಂಬರಿ. ಬೆಂಡಿಯಷ್ಟು ರೊಕ್ಕ ಬರುವುದಿಲ್ಲ, ಸಂತಿಗೆ ಹೋದಾಗ ಹೊಟ್ಟಿ ಉರಿಯುತ್ತದೆ. ಒಂದು ವರ್ಷ ಹತ್ತಿಯನ್ನೇ ಬಿಟ್ಟು ಅಲ್ಲಿ ಹೆಸರು ತೆಗೆದು ಹಿಂಗಾರಿ ಜೋಳ ಬಿತ್ತಿದೆ. ಮರುವರ್ಷ ಹತ್ತಿಯ ನಡುವೆ ಆರು ಸಾಲಿಗೊಂದು ತೊಗರಿ ಅಕ್ಕಡಿ ಹಾಕಿದೆ, ಅಪ್ಪ ಹಾಕುತ್ತಿದ್ದ ಹಾಗೆ. ಅಪ್ಪನಿಗೆ ಮಾಲ್ವೇಸಿ ಫ್ಯಾಬೇಸಿ ಗೊತ್ತಿರಲಿಲ್ಲ. ಆದರೆ ಜೋಳದಲ್ಲಿ ಕುಸುಬಿ, ಹತ್ತಿಯಲ್ಲಿ ತೊಗರಿ, ಅವನ ಅಕ್ಕಡಿ ಸಾಲುಗಳಲ್ಲಿ ಒಂದೇ ಮನಿತನದ ಎರಡು ಬೆಳಿ ಅಕ್ಕಪಕ್ಕ ಇದ್ದದ್ದು ನನಗೆ ನೆನಪಾಗುವುದಿಲ್ಲ. ಕಟ್ಟಿಗಿಯನ್ನು ಈಗ ಜನವರಿ ದಾಟಿಸುವುದಿಲ್ಲ, ಉಳಿದ ಕಾಯಿ ಆರಿಸಿ ಸುಡುತ್ತೇನೆ. ಗುಲಾಬಿ ಕೀಡಿ ಒಣ ಕಾಯಿ ಒಳಗೇ ಮಲಗಿ ಮುಂದಿನ ಮಳಿ ಕಾಯುತ್ತದೆ.

ಪುಂಡಿ ಮಾತ್ರ ಬಿಡಲಾಗಲಿಲ್ಲ. ರೊಟ್ಟಿಗೆ ಪುಂಡಿಪಲ್ಯ ಇಲ್ಲದ ಮನಿ ನಮ್ಮ ಕಡೆ ಇಲ್ಲ. ಹತ್ತಿ ಬದುವಿನಿಂದ ತೆಗೆದು ಜೋಳದ ಹೊಲದ ಕಡೆಗೆ ಒಯ್ದಿದ್ದೇನೆ. ಇದು ಎಷ್ಟು ದೂರ ಆದರೆ ಸಾಕು, ನೂರು ಹೆಜ್ಜಿಯೋ ಸಾವಿರವೋ, ಹಾರುವ ಹುಳಕ್ಕೆ ಯಾರು ಗೆರಿ ಎಳೆದಾರು?

ಕಳೆದ ಸಲ ಎಕರೆಗೆ 6 ಕ್ವಿಂಟಲ್ ಹತ್ತಿ ಬಂತು. ಎಣ್ಣಿ ಎರಡೇ ಸಲ. ಎಲ್ಲಾ ನನ್ನ ಜಾಣತನ ಅನ್ನಲಿಕ್ಕೆ ಆಗುವುದಿಲ್ಲ, ಆ ವರ್ಷ ಮಳಿಯೂ ಹೊತ್ತಿಗೆ ಸರಿಯಾಗಿ ಆಗಿತ್ತು. ಜಿಗಿಹುಳ ಈಗಲೂ ಇದೆ, ಎಲಿ ಸುಡುವಷ್ಟು ಇಲ್ಲ. ಪಾಟ್ಲಿ ಬಿಡಿಸಿದ್ದೇನೆ.

ಈಗ ಊರಲ್ಲಿ ನನಗೆ 'ಹೂ ಬಿಚ್ಚೂ ಮಾವ' ಅಂತ ಹೆಸರು ಬಿದ್ದಿದೆ. ಶಾಲಿಯ ಹುಡುಗರು ಯಾವ ಕಸ ಕಂಡರೂ ತಂದು ಕೈಗೆ ಕೊಡುತ್ತಾರೆ. ಬಾವಿ ಮೇಲಿನ ಬೇಲಿಗೆ ಈ ಮಳಿಗಾಲ ಒಂದು ಬಳ್ಳಿ ಹಬ್ಬಿದೆ. ಎಲಿ ಸವತಿಯ ಹಾಗೆ, ಆದರೆ ಕೈಗೆ ಒರಟು ಹತ್ತುವುದಿಲ್ಲ, ಕುಡಿಯಲ್ಲಿ ತಂತು ಇಲ್ಲ. ಮುರಿದರೆ ಹಾಲು ಬರುತ್ತದೆ. ಹಾಲು ಬಂತು ಅಂದ ಮೇಲೆ ಸವತಿ ಕುಲ ಅಲ್ಲ. ಎಕ್ಕಿಯ ಕುಲವೋ, ಬೇರೆಯೋ? ಫೋಟೋ ಕಳಿಸಿದ್ದಕ್ಕೆ ಮಗಳು "ಹೂ ಬಿಡೂತನಾ ತಡಿ ಅಪ್ಪಾ" ಅಂತ ಬರೆದಿದ್ದಾಳೆ. ಮೊಗ್ಗಿ ಕಾಣಿಸಿಕೊಂಡಿವೆ. ಆಡು ಬಾಯಿ ಹಾಕದಂತೆ ಮುಳ್ಳು ಹಚ್ಚಿ ಬಂದಿದ್ದೇನೆ.